ಗೂಡಿನ ಲಾಟಿನಿಂದ ಪಹಣಿವರೆಗೆ: ಇಆರ್‌ಪಿ ಹುಟ್ಟಿದ ಕಥೆ

ಇವತ್ತಿನ ಸಂಚಿಕೆ ಮಾಗಡಿಯಿಂದ.

ಬಿ.ಕಾಂ. ಮುಗಿಸಿದ ನಮ್ಮಂಥವರು ಕೆಲಸ ಹುಡುಕೋಕೆ ಹೊರಟ್ರೆ ಮೊದಲು ಎದುರಾಗೋ ಪ್ರಶ್ನೆ, 'ಟ್ಯಾಲಿ ಬರತ್ತಾ?' ಇನ್ನೂ ಸ್ವಲ್ಪ ದೊಡ್ಡ ಕಂಪನಿ ಆದ್ರೆ, 'ಎಸ್‌ಎಪಿ ಗೊತ್ತಾ? ಯಾವುದಾದ್ರೂ ಇಆರ್‌ಪಿಯಲ್ಲಿ ಕೆಲಸ ಮಾಡಿದ್ದೀರಾ?' ಅಂತಾರೆ. ಇಆರ್‌ಪಿ ಅಂದ್ರೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್. ಕೋರ್ಸ್‌ಗೆ ಸೇರಿದ್ರೆ ಯಾವ ಬಟನ್ ಆದ್ಮೇಲೆ ಯಾವ ಬಟನ್ ಒತ್ತಬೇಕು ಅಂತ ಕಲಿಸ್ತಾರೆ. ಆದ್ರೆ ಈ ಬಟನ್ ಆದ್ಮೇಲೆ ಆ ಬಟನ್ನೇ ಯಾಕೆ? ಆ ಸಾಲನ್ನ ಯಾರು ಬರೆದ್ರು? ಆ ಸಾಲಿನಿಂದ ಯಾರಿಗೆ ಲಾಭ ಆಯ್ತು, ಯಾರ ಕೈ ಕಟ್ಟಿಹೋಯ್ತು? ಇವತ್ತಿನ ಕಥೆ ಅದರದ್ದೇ.

ಒಂದು ಲಾಟ್ ಗೂಡು

ಮೊದಲು ಕಂಪ್ಯೂಟರ್ ಬಿಟ್ಟು ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಹೋಗೋಣ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರು ಇರೋ ಮಾರುಕಟ್ಟೆ ಅದು. ಮಾಗಡಿ ಕಡೆಯ ಹಳ್ಳಿಯ ರೈತರೊಬ್ಬರು ಬೆಳಿಗ್ಗೆ ಗೂಡು ತುಂಬಿಕೊಂಡು ಬಂದಿದ್ದಾರೆ ಅಂದುಕೊಳ್ಳಿ. ಗೂಡು ಅಂದ್ರೆ ರಾಗಿ ಮೂಟೆ ಥರ ಮನೇಲಿ ಇಟ್ಕೊಂಡು ಕಾಯೋ ಮಾಲಲ್ಲ. ಚಂದ್ರಿಕೆಯಿಂದ ಬಿಡಿಸಿದ ಮೇಲೆ ತಡ ಆದ್ರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನ ತೂತು ಮಾಡ್ಕೊಂಡು ಹೊರಗೆ ಬರತ್ತೆ. ತೂತಾದ ಗೂಡಲ್ಲಿ ಉದ್ದನೆಯ ಎಳೆ ಸಿಗಲ್ಲ. ಹಾಗಾಗಿ ರೈತರಿಗೆ ಅವಸರ ಇರತ್ತೆ. ಅವಸರ ಇರೋರನ್ನ ಆಡಿಸೋದು ಸುಲಭ.

ಅದಕ್ಕೇ 1959ರಲ್ಲಿ ಒಂದು ಕಾಯ್ದೆ ಬಂತು. ರೇಷ್ಮೆಹುಳು ಮೊಟ್ಟೆ, ಗೂಡು, ನೂಲು ಇವುಗಳ ಉತ್ಪಾದನೆ, ಮಾರಾಟವನ್ನ ನಿಯಂತ್ರಿಸೋ ಕಾಯ್ದೆ. ಗೂಡಿನ ವ್ಯಾಪಾರ ಯಾರದೋ ಮನೆ ಬಾಗಿಲಲ್ಲಿ ಅಲ್ಲ, ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ನಡೀಬೇಕು; ಕೊಳ್ಳೋ ರೀಲರ್ ಹತ್ರ ಲೈಸೆನ್ಸ್ ಇರಬೇಕು ಅಂತಾಯ್ತು.

ಅಲ್ಲಿ ಕೆಲಸದ ಸಾಲು ಹೀಗಿರತ್ತೆ. ಗೂಡು ಒಳಗೆ ಬರತ್ತೆ, ಲಾಟ್ ನಂಬರ್ ಸಿಗತ್ತೆ. ರೀಲರ್‌ಗಳು ಬಂದು ಕೈಯಲ್ಲಿ ಹಿಡಿದು ನೋಡ್ತಾರೆ. ಹರಾಜು ನಡೆಯತ್ತೆ. ಬಂದ ಬೆಲೆಗೆ ರೈತರು ಹೂಂ ಅನ್ನಬೇಕು, ಬೇಡ ಅಂದ್ರೆ ಬಿಡಬಹುದು. ಒಪ್ಪಿದ ಮೇಲೆ ತೂಕ. ತೂಕಕ್ಕೆ ತಕ್ಕ ಬಿಲ್, ಶುಲ್ಕ, ಆಮೇಲೆ ಹಣ.

ಒಂದು ಕಾಲದಲ್ಲಿ ಇದೆಲ್ಲ ಕೂಗಿನಲ್ಲಿ, ಚೀಟಿಯಲ್ಲಿ ನಡೀತಿತ್ತು. ಈಗ ರೀಲರ್ ಮೊಬೈಲ್‌ನಲ್ಲಿ ಬೆಲೆ ಹಾಕ್ತಾರೆ, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಕ, ದುಡ್ಡು ಬ್ಯಾಂಕ್ ಖಾತೆಗೆ. ಗಮನಿಸಿ, ಕೆಲಸದ ಸಾಲು ಬದಲಾಗಿಲ್ಲ. ಬದಲಾಗಿದ್ದು ಏನಂದ್ರೆ, ಒಂದು ಹೆಜ್ಜೆ ಹಾರಿ ಇನ್ನೊಂದಕ್ಕೆ ಹೋಗೋದು ಕಷ್ಟ ಆಯ್ತು. ತಕ್ಕಡಿ ತೋರಿಸಿದ ತೂಕಕ್ಕೂ ಬಿಲ್ಲಿನ ತೂಕಕ್ಕೂ ಮಧ್ಯೆ ಪೆನ್ನು ಹಿಡಿದು ನಿಲ್ಲೋ ಕೈ ಕಡಿಮೆ ಆಯ್ತು.

ಯಾವ ಕೆಲಸ, ಯಾರಿಂದ, ಯಾವುದರ ನಂತರ, ಯಾವ ಮಾಹಿತಿ ನೋಡಿ, ಬೇಡ ಅಂದ್ರೆ ಮುಂದೇನು. ಈ ಐದನ್ನೂ ಬರೆದಿಟ್ಟು, ನಡೆಸಿ, ನೋಡಿ, ತಿದ್ದೋದಕ್ಕೆ ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್ ಅಂತಾರೆ. ಆ ಸಾಲನ್ನ ಕಂಪ್ಯೂಟರಿನಲ್ಲಿ ಹಿಡಿದಿಡೋ ದೊಡ್ಡ ಲೆಕ್ಕದ ಪುಸ್ತಕ ಇಆರ್‌ಪಿ. ರೈತರು 'ಈ ಬೆಲೆ ಬೇಡ' ಅನ್ನಬಹುದು ಅಂದೆನಲ್ಲ, ಅದನ್ನ ನೆನಪಲ್ಲಿ ಇಟ್ಕೊಳ್ಳಿ. ಕೊನೆಗೆ ಅದೇ ಮುಖ್ಯ ಆಗತ್ತೆ.

ಪೇಟೆಗಳ ನಡುವಿನ ಬೀದಿ

ಮಾಗಡಿ ಅಂದ್ರೆ ಕೆಂಪೇಗೌಡರ ಮನೆತನದ ಊರು. ಆ ಮನೆತನದ ಹೆಸರಿನ ಜೊತೆ ಬೆಂಗಳೂರಿನ ಪೇಟೆಗಳ ಹೆಸರೂ ಬರತ್ತೆ. ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ, ಅರಳೆಪೇಟೆ. ಕಸುಬಿಗೊಂದು, ಸರಕಿಗೊಂದು ಬೀದಿ. ಒಂದು ಕಂಪನಿಯೂ ಹೀಗೇ ಇರತ್ತೆ. ಖರೀದಿ ವಿಭಾಗ ಒಂದು ಪೇಟೆ, ಗೋದಾಮು ಒಂದು ಪೇಟೆ, ತಯಾರಿಕೆ ಒಂದು, ಮಾರಾಟ ಒಂದು, ಅಕೌಂಟ್ಸ್ ಇನ್ನೊಂದು. ಪ್ರತಿ ಪೇಟೆಗೂ ತನ್ನದೇ ಪುಸ್ತಕ.

ಆದ್ರೆ ಗಿರಾಕಿಯ ಆರ್ಡರ್ ಒಂದೇ ಪೇಟೆಯಲ್ಲಿ ಕೂರಲ್ಲ. ಅದು ಮಾರಾಟದಲ್ಲಿ ಹುಟ್ಟಿ, ಗೋದಾಮಿಗೆ ಹೋಗಿ, ತಯಾರಿಕೆ ಮುಟ್ಟಿ, ಲಾರಿ ಹತ್ತಿ, ಅಕೌಂಟ್ಸ್‌ನಲ್ಲಿ ಮುಗಿಯತ್ತೆ. ಪೇಟೆಯಿಂದ ಪೇಟೆಗೆ ದಾಟೋ ಆ ಬೀದಿಯೇ ಪ್ರೋಸೆಸ್. ಪ್ರತಿ ದಾಟುವಿಕೆಯಲ್ಲೂ ಒಬ್ಬರು ಅದೇ ಅಂಕಿಯನ್ನ ಮತ್ತೆ ಬರೀತಿದ್ರು. ಬರೆಯುವಾಗ 69 ಹೋಗಿ 96 ಆಗ್ತಿತ್ತು, ಚೀಟಿ ಕಳೆದುಹೋಗ್ತಿತ್ತು, ಗುಮಾಸ್ತರು ರಜೆ ಹಾಕಿದ್ರೆ ಫೈಲ್ ಮಲಗ್ತಿತ್ತು. ಎಲ್ಲ ಪೇಟೆಗೂ ಒಂದೇ ಪುಸ್ತಕ, ಒಬ್ಬರು ಒಮ್ಮೆ ಬರೆದ್ರೆ ಎಲ್ಲರಿಗೂ ಕಾಣಬೇಕು ಅನ್ನೋದು ಇಆರ್‌ಪಿಯ ಮೂಲ ಆಸೆ. ಅದು ಒಂದೇ ದಿನಕ್ಕೆ ಆಗಲಿಲ್ಲ.

ಗಾಲಿ ಲೆಕ್ಕದಿಂದ ಶುರು

ಚನ್ನಪಟ್ಟಣದ ಮರದ ರೈಲು ತಗೊಳ್ಳಿ. ಒಂದು ಎಂಜಿನ್, ಎರಡು ಬೋಗಿ, ಒಟ್ಟು 12 ಗಾಲಿ ಅಂತ ಇಟ್ಕೊಳ್ಳೋಣ. ದಸರಾಕ್ಕೆ 100 ರೈಲಿಗೆ ಆರ್ಡರ್ ಬಂತು. 1200 ಗಾಲಿ ಬೇಕು. ಗೂಡೆಯಲ್ಲಿ ಈಗಾಗಲೇ 300 ಇದೆ. ಅಂದ್ರೆ 900 ಕಡೀಬೇಕು. ದಿನಕ್ಕೆ 90 ಆಗತ್ತೆ ಅಂದ್ರೆ 10 ದಿನ. ಬಣ್ಣಕ್ಕೆ, ಅರಗಿನ ಮೆರುಗಿಗೆ ಮೂರು ದಿನ ಸೇರಿಸಿ. ಮರ ಒಣಗಿರಬೇಕು, ಹಾಗಾಗಿ ಮರ ತರಿಸೋದು ಅದಕ್ಕಿಂತ ಎಷ್ಟೋ ಮುಂಚೆ. ಹಬ್ಬದ ತಾರೀಖಿನಿಂದ ಹಿಂದಕ್ಕೆ ಎಣಿಸ್ತಾ ಬಂದ್ರೆ ಯಾವತ್ತು ಏನು ಶುರು ಮಾಡಬೇಕು ಅಂತ ಗೊತ್ತಾಗತ್ತೆ.

ನುರಿತ ಕಸುಬುದಾರರು ಇದನ್ನ ಮನಸ್ಸಲ್ಲೇ ಮಾಡ್ತಾರೆ. ಆದ್ರೆ ಸಾವಿರಾರು ಬಿಡಿಭಾಗ ಇರೋ ಕಾರ್ಖಾನೆಯಲ್ಲಿ? 1964ರಲ್ಲಿ ಅಮೆರಿಕದ ಜೋಸೆಫ್ ಓರ್ಲಿಕಿ ಈ ಹಿಂದಕ್ಕೆ ಎಣಿಸೋ ಲೆಕ್ಕವನ್ನ ಕಂಪ್ಯೂಟರಿಗೆ ಒಗ್ಗಿಸಿದ್ರು. ಇದರ ಹೆಸರು ಎಂಆರ್‌ಪಿ, ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್. ಬಿಸ್ಕತ್ ಪ್ಯಾಕೆಟ್ ಮೇಲಿನ ಎಂಆರ್‌ಪಿ ಬೇರೆ, ಇದು ಬೇರೆ. ಡ್ರಿಲ್ಲಿಂಗ್ ಮಷೀನ್‌ಗೆ ಹೆಸರಾದ ಬ್ಲ್ಯಾಕ್ ಆಂಡ್ ಡೆಕರ್ ಇದನ್ನ ಮೊದಲು ಬಳಸಿದ ಕಂಪನಿ. ಮುಂದೆ 1983ರಲ್ಲಿ ಆಲಿವರ್ ವೈಟ್ ಇದಕ್ಕೆ ಯಂತ್ರ, ಜನ, ಹಣದ ಲೆಕ್ಕಾನೂ ಸೇರಿಸಿ ಎಂಆರ್‌ಪಿ-2 ಅಂದ್ರು.

ಇತ್ತ ಜರ್ಮನಿಯಲ್ಲಿ 1972ರಲ್ಲಿ ಐಬಿಎಂ ಬಿಟ್ಟು ಬಂದ ಐದು ಜನ ಒಂದು ಕಂಪನಿ ಕಟ್ಟಿದ್ರು. ಹಾಸೊ ಪ್ಲಾಟ್ನರ್, ಡೀಟ್ಮಾರ್ ಹಾಪ್, ಕ್ಲೌಸ್ ಚೀರಾ, ಹಾನ್ಸ್ ವರ್ನರ್ ಹೆಕ್ಟರ್, ಕ್ಲೌಸ್ ವೆಲ್ಲನ್‌ರೂಯ್ಟರ್. ಅದೇ ಎಸ್‌ಎಪಿ. ಮೊದಲ ಗಿರಾಕಿ ಓಸ್ಟ್ರಿಂಗನ್ ಊರಿನಲ್ಲಿದ್ದ ಐಸಿಐ ಕಂಪನಿಯ ನೈಲಾನ್ ಕಾರ್ಖಾನೆ. ಆಗ ಲೆಕ್ಕ ಅಂದ್ರೆ ತೂತು ಕೊರೆದ ಕಾರ್ಡುಗಳು. ಹಗಲೆಲ್ಲ ನಡೆದ ವ್ಯವಹಾರವನ್ನ ಕಾರ್ಡಿಗೆ ಇಳಿಸಿ, ರಾತ್ರಿ ಮಷೀನ್‌ಗೆ ಹಾಕೋರು. ಅಂದ್ರೆ ಇವತ್ತಿನ ಸ್ಟಾಕ್ ಎಷ್ಟು ಅಂತ ನಾಳೆ ಗೊತ್ತಾಗ್ತಿತ್ತು. ಈ ಐವರು ಹೇಳಿದ್ದು, ಕಾರ್ಡ್ ಬೇಡ, ಪರದೆ ಮುಂದೆ ಕೂತು ಬರೆದ ಕೂಡಲೇ ಲೆಕ್ಕ ಬದಲಾಗಲಿ. ಅವರ ಸಾಫ್ಟ್‌ವೇರ್‌ಗಳ ಹೆಸರು ಆರ್/1, ಆರ್/2, ಆರ್/3. ಆ 'ಆರ್' ಅಂದ್ರೆ ರಿಯಲ್ ಟೈಮ್.

ಐನೂರು ಜನ, ಐದು ಜನ

ಕಾಮರ್ಸ್ ಓದಿದೋರೆಲ್ಲ ಕೇಳಲೇಬೇಕಾದ ಒಂದು ಪ್ರಸಂಗ ಈಗ. 1980ರ ದಶಕದ ಆರಂಭ. ಅಮೆರಿಕದ ಫೋರ್ಡ್ ಕಾರು ಕಂಪನಿಯಲ್ಲಿ ಸರಕು ಕೊಟ್ಟವರಿಗೆ ಹಣ ಪಾವತಿ ಮಾಡೋ ವಿಭಾಗದಲ್ಲೇ 500ಕ್ಕೂ ಹೆಚ್ಚು ಜನ ಇದ್ರು. ಕಂಪ್ಯೂಟರ್ ತಂದು 400ಕ್ಕೆ ಇಳಿಸಬಹುದು ಅಂತ ಲೆಕ್ಕ ಹಾಕಿದ್ರು. ಅಷ್ಟರಲ್ಲಿ ಜಪಾನಿನ ಮಾಜ್ದಾ ಕಂಪನಿ ನೋಡಿದ್ರೆ, ಅಲ್ಲಿ ಅದೇ ಕೆಲಸಕ್ಕೆ ಇದ್ದದ್ದು 5 ಜನ. ಮಾಜ್ದಾ ಸಣ್ಣ ಕಂಪನಿ ಅಂತ ಲೆಕ್ಕ ಸರಿತೂಗಿಸಿದ್ರೂ ಅಂತರ ಮುಚ್ಚೋ ಹಾಗಿರಲಿಲ್ಲ.

ಫೋರ್ಡ್‌ನವರು ಏನು ಮಾಡ್ತಿದ್ರು? ಖರೀದಿ ವಿಭಾಗದ ಆರ್ಡರ್ ಕಾಪಿ, ಗೋದಾಮಿನವರ ಸರಕು ಬಂದ ಚೀಟಿ, ಸರಬರಾಜುದಾರರ ಇನ್‌ವಾಯ್ಸ್. ಈ ಮೂರೂ ತಾಳೆ ಆದ್ರೆ ಹಣ. ಆಗದಿದ್ರೆ ಗುಮಾಸ್ತರು ಹುಡುಕಾಟ ಶುರು ಮಾಡೋರು. ಅವರ ಬಹುಪಾಲು ಹೊತ್ತು ತಾಳೆ ಆಗದ ಚೀಟಿಗಳ ಹಿಂದೆಯೇ ಹೋಗ್ತಿತ್ತು. ಅದನ್ನ ಕಂಪ್ಯೂಟರಿಗೆ ಹಾಕಿದ್ರೆ ಆಗೋದೇನು? ಅದೇ ಹುಡುಕಾಟ, ಸ್ವಲ್ಪ ಬೇಗ.

ಫೋರ್ಡ್ ಕೊನೆಗೆ ಸಾಲನ್ನೇ ಬದಲಿಸಿತು. ಆರ್ಡರ್ ಹಾಕಿದಾಗಲೇ ಅದು ಕಂಪ್ಯೂಟರಿನಲ್ಲಿ ದಾಖಲು. ಗೋದಾಮಿನ ಬಾಗಿಲಿಗೆ ಸರಕು ಬಂದಾಗ ಅಲ್ಲಿದ್ದೋರು ಪರದೆ ನೋಡ್ತಾರೆ. ಆರ್ಡರ್ ಇದ್ರೆ ಒಳಗೆ, ಹಣ ತಾನಾಗೇ ಹೋಗತ್ತೆ. ಇಲ್ಲದಿದ್ರೆ ಸರಕು ವಾಪಸ್. ಇನ್‌ವಾಯ್ಸೇ ಬೇಡ. ಜನ ಶೇ. 75ರಷ್ಟು ಕಡಿಮೆ ಆದ್ರು. ಮೈಕೆಲ್ ಹ್ಯಾಮರ್ ಅನ್ನೋ ಪ್ರಾಧ್ಯಾಪಕರು 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲಿ ಇದನ್ನ ಬರೆದ್ರು. ಹಳೇ ಕೆಲಸವನ್ನ ಹಾಗೇ ಕಂಪ್ಯೂಟರಿಗೆ ಏರಿಸಬೇಡಿ, ಬೇಡದ ಕೆಲಸವನ್ನ ಕಿತ್ತುಹಾಕಿ ಅನ್ನೋದು ಅವರ ವಾದ.

ಇದರಲ್ಲಿ ಎರಡು ವಿಷಯ ಇದೆ, ಎರಡನ್ನೂ ಒಟ್ಟಿಗೇ ಹೇಳಬೇಕು. ಒಂದು, ಸಾಫ್ಟ್‌ವೇರ್‌ಗಿಂತ ಮೊದಲು ಕೆಲಸದ ಸಾಲು ಸರಿ ಆಗಬೇಕು. ಎರಡು, ಸಾಲು ಬದಲಾದಾಗ ಆ ಸಾಲಿನಲ್ಲಿ ಹೊಟ್ಟೆ ಹೊರೀತಿದ್ದ ಜನರ ಜಾಗ ಹೋಗತ್ತೆ. ಶೇ. 75 ಅನ್ನೋದು ಓದೋಕೆ ಒಂದು ಅಂಕಿ. ಆದ್ರೆ ಆ ಅಂಕಿ ಅಷ್ಟೂ ಮೇಜು, ಅಷ್ಟೂ ಸಂಬಳ.

ಬೆಂಗಳೂರಿನ ಪುಸ್ತಕ

ಇದೇ ಹೊತ್ತಿಗೆ, 1986ರಲ್ಲಿ, ಬೆಂಗಳೂರಿನಲ್ಲಿ ಬೇರೆಯದೇ ಒಂದು ಪ್ರಯತ್ನ. ಶ್ಯಾಮ್ ಸುಂದರ್ ಗೋಯೆಂಕಾ ಅವರದ್ದು ಕಾರ್ಖಾನೆಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸೋ ವ್ಯವಹಾರ. ಲೆಕ್ಕ ಇಡೋಕೆ ತಕ್ಕ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅವರಿಗೆ, ನೀನೇ ಮಾಡು ಅಂದ್ರು. ಪ್ಯೂಟ್ರಾನಿಕ್ಸ್ ಅನ್ನೋ ಹೆಸರಲ್ಲಿ ಶುರುವಾಗಿದ್ದು 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯ್ತು. 2009ರಲ್ಲಿ ಬಂದ ಆವೃತ್ತಿಗೆ ಇಟ್ಟ ಹೆಸರೇ ಟ್ಯಾಲಿ ಡಾಟ್ ಇಆರ್‌ಪಿ 9.

ಎಸ್‌ಎಪಿ ಬಂದಿದ್ದು ದೊಡ್ಡ ಕಾರ್ಖಾನೆಯಿಂದ, ಟ್ಯಾಲಿ ಬಂದಿದ್ದು ವ್ಯಾಪಾರಿಯ ಗಲ್ಲಾಪೆಟ್ಟಿಗೆಯಿಂದ. ಎಸ್‌ಎಪಿಯಲ್ಲಿ ಮೊದಲು ಆರ್ಡರ್, ಆಮೇಲೆ ಅನುಮೋದನೆ, ಆಮೇಲೆ ಸರಕು, ಹೀಗೆ ಸಾಲು ಬಿಗಿ. ಟ್ಯಾಲಿಯಲ್ಲಿ ಅಂಗಡಿಯವರಿಗೆ ಬೇಕಾದ ಸಡಿಲ ಇತ್ತು. ಹಳೇ ವೋಚರ್‌ಗೆ ವಾಪಸ್ ಹೋಗಿ ತಿದ್ದಬಹುದಿತ್ತು. ಸಣ್ಣ ವ್ಯಾಪಾರದಲ್ಲಿ ಮಾಲೀಕರೇ ಖರೀದಿ, ಅವರೇ ಗೋದಾಮು, ಅವರೇ ಅಕೌಂಟ್ಸ್. ಅಲ್ಲಿ ಯಾರು ಯಾರನ್ನ ತಡೀಬೇಕು? ಆ ಸಡಿಲಾನೇ ಟ್ಯಾಲಿಯನ್ನ ಸಣ್ಣ ಊರುಗಳ ಆಡಿಟರ್ ಆಫೀಸ್‌ವರೆಗೂ ತಂದಿದ್ದು.

ಆದ್ರೆ ಸಡಿಲಕ್ಕೂ ಒಂದು ಕೊನೆ ಇದೆ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಯಾವ ಎಂಟ್ರಿ ಯಾವತ್ತು ಬದಲಾಯ್ತು ಅನ್ನೋ ದಾಖಲೆ ಇರಲೇಬೇಕು, ಅದನ್ನ ಆಫ್ ಮಾಡೋಕೆ ಆಗಬಾರದು ಅನ್ನೋ ನಿಯಮ ಬಂತು. ಅಂದ್ರೆ ತಿದ್ದಬಹುದು, ತಿದ್ದಿದ ಗುರುತು ಅಳಿಸೋ ಹಾಗಿಲ್ಲ.

ಹಗ್ಗ ಎಳೆಯೋರು ಯಾರು?

ಇಆರ್‌ಪಿ ಅನ್ನೋ ಹೆಸರು ಇಟ್ಟಿದ್ದು 1990ರಲ್ಲಿ, ಗಾರ್ಟ್ನರ್ ಅನ್ನೋ ಸಂಶೋಧನಾ ಸಂಸ್ಥೆ. 1992ರಲ್ಲಿ ಎಸ್‌ಎಪಿಯ ಆರ್/3 ಬಂತು. 1998ರಲ್ಲಿ ಬೆಂಗಳೂರಿನಲ್ಲೇ ಎಸ್‌ಎಪಿ ಲ್ಯಾಬ್ಸ್ ಶುರುವಾಯ್ತು. 2000ನೇ ಇಸವಿಗೆ ಹಳೇ ಕಂಪ್ಯೂಟರ್‌ಗಳು ಕೈಕೊಡ್ತವೆ ಅನ್ನೋ ವೈ2ಕೆ ಭಯ ಬೇರೆ. ಜಗತ್ತಿನಾದ್ಯಂತ ಕಂಪನಿಗಳು ಅವಸರದಲ್ಲಿ ಇಆರ್‌ಪಿ ಹಾಕಿಸಿಕೊಂಡವು.

ಅವಸರದ ಬೆಲೆಗೆ ಹರ್ಷೀಸ್ ಉದಾಹರಣೆ. ಅಮೆರಿಕದ ದೊಡ್ಡ ಚಾಕೊಲೇಟ್ ಕಂಪನಿ. 48 ತಿಂಗಳ ಕೆಲಸವನ್ನ 30 ತಿಂಗಳಿಗೆ ಇಳಿಸಿ, ಸುಮಾರು 11.2 ಕೋಟಿ ಡಾಲರ್ ಖರ್ಚು ಮಾಡಿ, 1999ರ ಜುಲೈನಲ್ಲಿ ಹೊಸ ವ್ಯವಸ್ಥೆ ಚಾಲೂ ಮಾಡಿದ್ರು. ಅಕ್ಟೋಬರ್ ಕೊನೆಗೆ ಹ್ಯಾಲೋವೀನ್. ನಮ್ಮ ದೀಪಾವಳಿಗೆ ಸ್ವೀಟ್ ಅಂಗಡಿ ಹೇಗೋ, ಅವರಿಗೆ ಅದು ಹಾಗೆ. ಗೋದಾಮಿನಲ್ಲಿ ಚಾಕೊಲೇಟ್ ಇತ್ತು, ಅಂಗಡಿಯವರ ಆರ್ಡರ್ ಇತ್ತು, ಆದ್ರೆ ವ್ಯವಸ್ಥೆ ಎರಡನ್ನೂ ಜೋಡಿಸಲಿಲ್ಲ. ಸುಮಾರು 10 ಕೋಟಿ ಡಾಲರ್‌ನ ಸರಕು ಹಬ್ಬಕ್ಕೆ ತಲುಪಲಿಲ್ಲ.

ಈಗ ಮಾಗಡಿಯಿಂದ ಬಿಡದಿ ಕಡೆ ತಿರುಗೋಣ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟರ್, 1999ರ ಕೊನೆಗೆ ಅಲ್ಲಿ ಕ್ವಾಲಿಸ್ ಗಾಡಿ ತಯಾರಿಸೋಕೆ ಶುರು ಮಾಡಿತು. ಹರ್ಷೀಸ್ ಒದ್ದಾಡಿದ ವರ್ಷವೇ ಅದು. ಟೊಯೋಟಾದ ಕೆಲಸದ ಪದ್ಧತಿ ಇಆರ್‌ಪಿಗಿಂತ ಹಳೇದು. ಜಪಾನಿನಲ್ಲಿ ತಾಯಿಚಿ ಓನೊ ಕಟ್ಟಿದ್ದು. ಅದರ ಒಂದು ಆಯುಧ ಕಾನ್‌ಬಾನ್, ಅಂದ್ರೆ ಒಂದು ಕಾರ್ಡ್. ಮುಂದಿನ ಹಂತದಲ್ಲಿ ಭಾಗ ಖರ್ಚಾದಾಗ ಕಾರ್ಡ್ ಹಿಂದಿನ ಹಂತಕ್ಕೆ ಹೋಗತ್ತೆ, ಆಗ ಮಾತ್ರ ಹೊಸದು ಮಾಡ್ತಾರೆ. ಎಂಆರ್‌ಪಿ ಅಂದಾಜು ಹಿಡಿದು ಮಾಲನ್ನ ಮುಂದಕ್ಕೆ ತಳ್ಳತ್ತೆ. ಕಾನ್‌ಬಾನ್ ಬೇಡಿಕೆ ನೋಡಿ ಎಳೆಯತ್ತೆ. ಪ್ರೋಸೆಸ್ ನಡೆಸೋಕೆ ಕಂಪ್ಯೂಟರೇ ಬೇಕು ಅಂತಿಲ್ಲ, ಒಂದು ರಟ್ಟಿನ ಚೂರೂ ಸಾಕು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇನ್ನೊಂದು ಆಯುಧ ಆಂಡನ್. ಸಾಲಿನಲ್ಲಿ ನಿಂತ ಕಾರ್ಮಿಕರಿಗೆ ತಪ್ಪು ಕಂಡ್ರೆ ಅವರೇ ಹಗ್ಗ ಎಳೆದು ಎಚ್ಚರಿಸಬಹುದು, ಸರಿಹೋಗದಿದ್ರೆ ಸಾಲು ನಿಲ್ಲತ್ತೆ. ಮೇಲಿನವರ ಸಹಿ ಬೇಕಿಲ್ಲ. ಈ ಪದ್ಧತಿಯ ಒಳಗೂ ದುಡಿಮೆಯ ವೇಗದ ಬಗ್ಗೆ ಜಗಳ ಇಲ್ಲ ಅಂತಲ್ಲ. 2020ರ ನವೆಂಬರ್‌ನಲ್ಲಿ ಬಿಡದಿಯಲ್ಲಿ ಮುಷ್ಕರ, ಲಾಕೌಟ್ ಆಗಿದ್ದು ಈ ಕಡೆಯವರಿಗೆ ಮರೆತಿರಲ್ಲ. ಆದ್ರೂ ಹಗ್ಗದ ವಿಚಾರ ದೊಡ್ಡದು. ಸಾಲು ಎಷ್ಟೇ ಬಿಗಿ ಇರಲಿ, 'ನಿಲ್ಲಿಸಿ, ಇಲ್ಲೇನೋ ಸರಿ ಇಲ್ಲ' ಅನ್ನೋ ಹಕ್ಕು ಯಾರ ಕೈಯಲ್ಲಿದೆ?

ತಾಲ್ಲೂಕು ಕಚೇರಿಯ ಸಾಲು

ಈ ಪ್ರಶ್ನೆ ಕಂಪನಿಗಳಿಗೆ ಮಾತ್ರ ಅಲ್ಲ. ಕರ್ನಾಟಕದಲ್ಲಿ ತುಂಬಾ ಜನರ ಬದುಕು ಮುಟ್ಟಿದ ಒಂದು ಪ್ರೋಸೆಸ್ ಬದಲಾವಣೆ ನಡೆದಿದ್ದು ತಾಲ್ಲೂಕು ಕಚೇರಿಯಲ್ಲಿ. ಅದರ ಹೆಸರು 'ಭೂಮಿ'. ಇದನ್ನ ಯಾರೂ ಇಆರ್‌ಪಿ ಅಂತ ಕರೆಯಲ್ಲ, ಆದ್ರೆ ತರ್ಕ ಅದೇ. ಒಂದೇ ಪುಸ್ತಕ, ಬಿಗಿಯಾದ ಸಾಲು, ಯಾರು ಏನು ಮಾಡಿದ್ರು ಅನ್ನೋ ಗುರುತು.

ಅದಕ್ಕೂ ಮೊದಲು ಪಹಣಿ ಅಂದ್ರೆ ಕೈಬರಹ. ಶಾನುಭೋಗರ ಕಾಲ ಮುಗಿದು ಗ್ರಾಮ ಲೆಕ್ಕಿಗರು ಬಂದ್ರೂ ಪುಸ್ತಕ ಇದ್ದದ್ದು ಒಬ್ಬರ ಕೈಯಲ್ಲೇ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು. ಪಹಣಿ ಬೇಕು ಅಂದ್ರೆ ಅವರು ಯಾವ ಹಳ್ಳಿಯಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋಗಬೇಕು. ಸಾಲಕ್ಕೆ ಬ್ಯಾಂಕ್ ಪಹಣಿ ಕೇಳತ್ತೆ, ಬಿತ್ತನೆ ಕಾಯಲ್ಲ. ಗೂಡಿನ ರೈತರ ಅವಸರವೇ ಇಲ್ಲೂ. ಆ ಅವಸರಕ್ಕೆ ಒಂದು ಬೆಲೆ ಕಟ್ಟಲಾಗ್ತಿತ್ತು.

ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿಯ ನೇತೃತ್ವದಲ್ಲಿ, ಎನ್‌ಐಸಿಯ ತಾಂತ್ರಿಕ ನೆರವಿನಿಂದ, 2000ದ ಆಸುಪಾಸಿನಲ್ಲಿ ತಾಲ್ಲೂಕಿಂದ ತಾಲ್ಲೂಕಿಗೆ ಕೆಲಸ ನಡೀತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆ ಕಂಪ್ಯೂಟರಿಗೆ ಬಂತು. ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲ ಅಂತಾಯ್ತು. ಆಗ 15 ರೂಪಾಯಿ ಕೊಟ್ರೆ ಕೌಂಟರ್‌ನಲ್ಲಿ ಪಹಣಿ ಸಿಗ್ತಿತ್ತು. ರೈತರ ಕಡೆಗೂ ಒಂದು ಪರದೆ ಇತ್ತು, ಒಳಗೆ ಏನು ಟೈಪ್ ಆಗ್ತಿದೆ ಅಂತ ಕಾಣಲಿ ಅಂತ.

ನಿಜವಾದ ಪ್ರೋಸೆಸ್ ಬದಲಾವಣೆ ಖಾತೆ ಬದಲಾವಣೆಯಲ್ಲಿ, ಅಂದ್ರೆ ಮ್ಯುಟೇಷನ್‌ನಲ್ಲಿ. ಅರ್ಜಿ ಬಂದ ಕ್ರಮದಲ್ಲೇ ವಿಲೇವಾರಿ ಆಗಬೇಕು. ಮೊದಲು ಬಂದವರದ್ದು ಮೊದಲು. ಸ್ಟಾಕ್ ಲೆಕ್ಕದಲ್ಲಿ ನಾವು ಓದೋ ಫಿಫೊ, ಇಲ್ಲಿ ನ್ಯಾಯದ ನಿಯಮ ಆಯ್ತು. ಅಧಿಕಾರಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕು. ಆಗ ನೋಟಿಸ್ ಪ್ರಿಂಟ್ ಆಗ್ತಿತ್ತು, ಗ್ರಾಮ ಲೆಕ್ಕಿಗರು ಹಳ್ಳಿಗೆ ಒಯ್ದು ತಲುಪಿಸ್ತಿದ್ರು, ತಕರಾರಿಗೆ 30 ದಿನ ಇತ್ತು. ಯಾರೂ ಬರದಿದ್ರೆ ಕಂದಾಯ ನಿರೀಕ್ಷಕರ ಆದೇಶ. ಮುಂದೆ ನೋಂದಣಿ ಇಲಾಖೆಯ 'ಕಾವೇರಿ' ತಂತ್ರಾಂಶವನ್ನೂ ಇದಕ್ಕೆ ಜೋಡಿಸಿದ್ರು. ಕ್ರಯ ನೋಂದಣಿ ಆದ್ರೆ ಅದರ ವಿವರ ಭೂಮಿಗೆ ಹೋಗಿ ಮ್ಯುಟೇಷನ್ ಶುರುವಾಗೋ ಹಾಗೆ. ಎರಡು ಪೇಟೆಗಳ ನಡುವೆ ಬೀದಿ ಹಾಕಿದ ಹಾಗೆ ಅಲ್ವಾ?

ಈ ಯೋಜನೆಗೆ ದೇಶ, ವಿದೇಶದಲ್ಲಿ ಹೊಗಳಿಕೆ ಬಂತು. ಪಹಣಿಗೆ ಲಂಚ ಕೊಡೋದು ತುಂಬಾ ಕಡಿಮೆ ಆಯ್ತು ಅಂತ ಸಮೀಕ್ಷೆಗಳು ಹೇಳಿದ್ವು. ಆದ್ರೆ 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಜೊತೆಗಾರರ ಒಂದು ಅಧ್ಯಯನ ಬೇರೆ ಮಾತು ಹೇಳಿತು. ದಾಖಲೆ ಹಳ್ಳಿಯಿಂದ ತಾಲ್ಲೂಕಿಗೆ ಹೋದಾಗ ಹಳ್ಳಿಯಲ್ಲಿ ಮಾತಾಡಿ ಬಗೆಹರಿಸಿಕೊಳ್ಳೋ ದಾರಿ ಮುಚ್ಚಿತು, ಭೂ ವ್ಯವಹಾರದಲ್ಲಿ ಲಂಚ, ಕಾಯೋ ಹೊತ್ತು ಎರಡೂ ಹೆಚ್ಚಾದ್ವು, ಬೆಂಗಳೂರು ಬೆಳೀತಿದ್ದ ಹೊತ್ತಲ್ಲಿ ದೊಡ್ಡ ಕೊಳ್ಳುಗರಿಗೆ ಜಮೀನು ಹಿಡಿಯೋಕೆ ಅನುಕೂಲ ಆಯ್ತು ಅಂತ ಅವರ ವಾದ.

ಮಾಗಡಿಯವರಿಗೆ ಇದು ದೂರದ ಮಾತಲ್ಲ. ಬೆಂಗಳೂರಿನ ಅಂಚು ಈ ಕಡೆಗೇ ಬೆಳೀತಿದೆ. ಅಜ್ಜನ ಹೆಸರಲ್ಲೇ ಉಳಿದ ಖಾತೆ, ಪಾಲು ಆಗದ ಜಮೀನು, ದಾಖಲೆಯಲ್ಲಿ ಹೆಸರೇ ಇಲ್ಲದ ಅಕ್ಕ ತಂಗಿಯರು. ಇವೆಲ್ಲ ಕಂಪ್ಯೂಟರಿನ ಕಣ್ಣಿಗೆ ಕಾಣಲ್ಲ. ಪುಸ್ತಕದಲ್ಲಿ ಏನಿದೆಯೋ ಅದನ್ನೇ ವ್ಯವಸ್ಥೆ ಸತ್ಯ ಅನ್ನತ್ತೆ, ಅದನ್ನೇ ಬೇಗ ಬೇಗ ಮುಂದಕ್ಕೆ ದಾಟಿಸತ್ತೆ. ಹಳೇ ಪುಸ್ತಕದ ತಪ್ಪು ಹೊಸ ಪುಸ್ತಕದಲ್ಲಿ ಇನ್ನೂ ಗಟ್ಟಿ ಆಗತ್ತೆ.

ಹಾಗಂತ ಕೈಬರಹಕ್ಕೆ ವಾಪಸ್ ಹೋಗೋಣವಾ? ಬೇಡ. ಒಬ್ಬರ ಚೀಲದಲ್ಲಿದ್ದ ಪುಸ್ತಕ ಎಲ್ಲರ ಕಣ್ಣಿಗೆ ಬಿದ್ದಿದ್ದು ಸಣ್ಣ ಗೆಲುವಲ್ಲ. ಹೊಗಳಿಕೆ, ಟೀಕೆ ಎರಡನ್ನೂ ಓದಿದ ಮೇಲೆ ನನಗೆ ಕಾಣೋದು ಇಷ್ಟು. ಆ ತಕರಾರಿನ ಅವಕಾಶ ಇದೆಯಲ್ಲ, ಅದೇ ಇಲ್ಲಿನ ಆಂಡನ್ ಹಗ್ಗ. ನೋಟಿಸ್ ನಿಜವಾಗಿ ಮನೆ ಮುಟ್ಟಿದ್ರೆ, ಮುಟ್ಟಿದವರಿಗೆ ಅದು ಅರ್ಥ ಆದ್ರೆ, ತಕರಾರು ಕೊಟ್ಟವರ ಮಾತು ಯಾರಾದ್ರೂ ಕೂತು ಕೇಳಿದ್ರೆ, ಸಾಲು ನ್ಯಾಯವಾಗಿದೆ. ನೋಟಿಸ್ ಬರೀ ಪ್ರಿಂಟ್ ಆಗಿ ಫೈಲ್ ಸೇರಿದ್ರೆ, ಹಗ್ಗ ಇದೆ, ಆದ್ರೆ ಯಾರ ಕೈಗೂ ಎಟುಕಲ್ಲ.

ಹಾಗಾದ್ರೆ ನಾವು ಕಲಿಯೋದೇನು?

ಟ್ಯಾಲಿನೋ ಎಸ್‌ಎಪಿನೋ ಕಲೀತಿರೋ ಗೆಳೆಯರಿಗೆ ಒಂದು ಮಾತು. ಸ್ಕ್ರೀನ್ ಬಾಯಿಪಾಠ ಮಾಡೋದಕ್ಕಿಂತ ಮೊದಲು ನಿಮ್ಮ ಪಕ್ಕದ ಯಾವುದಾದ್ರೂ ಕೆಲಸದ ಸಾಲನ್ನ ಒಂದು ಹಾಳೆ ಮೇಲೆ ಬರೀರಿ. ಹಾಲಿನ ಡೇರಿ, ಮೆಡಿಕಲ್ ಸ್ಟೋರ್, ನೂಲು ಬಿಚ್ಚಾಣಿಕೆ ಘಟಕ, ಯಾವುದಾದ್ರೂ ಸರಿ. ಹಾಲು ಯಾರು ಅಳೀತಾರೆ, ಫ್ಯಾಟ್ ಯಾರು ನೋಡ್ತಾರೆ, ಎಲ್ಲಿ ಬರೀತಾರೆ, ಅದೇ ಅಂಕಿ ಎಷ್ಟು ಕಡೆ ಮತ್ತೆ ಬರೀತಾರೆ, ತಪ್ಪಾದ್ರೆ ಯಾರಿಗೆ ಹೇಳ್ತಾರೆ. ಇದು ಬಂದ್ರೆ ಯಾವ ಇಆರ್‌ಪಿಯ ಮೆನುವೂ ಅರ್ಥ ಆಗತ್ತೆ. ಸಾಫ್ಟ್‌ವೇರ್ ನಾಲ್ಕು ವರ್ಷಕ್ಕೊಮ್ಮೆ ಬದಲಾಗತ್ತೆ, ಸಾಲು ಓದೋ ಕಣ್ಣು ಉಳಿಯತ್ತೆ.

ಇನ್ನೊಂದು ಮಾತು ಎಲ್ಲರಿಗೂ. ಕಂಪನಿಯಲ್ಲಾಗಲಿ, ಸರ್ಕಾರಿ ಕಚೇರಿಯಲ್ಲಾಗಲಿ, 'ಸಿಸ್ಟಂ ತಗೊಳ್ತಿಲ್ಲ' ಅನ್ನೋ ಉತ್ತರ ಕೇಳಿರ್ತೀರ. ಸಿಸ್ಟಂ ತನ್ನಷ್ಟಕ್ಕೆ ಏನನ್ನೂ ಬೇಡ ಅನ್ನಲ್ಲ. ಯಾರೋ ಒಬ್ಬರು ಕೂತು ಇದಾದ್ಮೇಲೆ ಇದು, ಇದಿಲ್ಲದಿದ್ರೆ ಅದು ಇಲ್ಲ ಅಂತ ಬರೆದಿರ್ತಾರೆ. ಹಾಗಾಗಿ ಕೇಳಿ. ಯಾವ ಹಂತದಲ್ಲಿ ನಿಂತಿದೆ? ಆ ಹಂತ ಯಾರದ್ದು? ನನ್ನ ವಿಷಯ ಬೇರೆ ಥರ ಇದ್ರೆ ಯಾರಿಗೆ ಬರೆದುಕೊಡಬೇಕು? ಇದನ್ನ ಕೇಳೋದು ಉದ್ಧಟತನ ಅಲ್ಲ. ರಾಮನಗರದಲ್ಲಿ ಗೂಡಿನ ಲಾಟ್ ಮುಂದೆ ನಿಂತ ರೈತರು 'ಈ ಬೆಲೆಗೆ ಕೊಡಲ್ಲ' ಅಂದ್ರೆ ಹರಾಜು ಅಲ್ಲಿಗೇ ನಿಲ್ಲತ್ತೆ. ಆ ಹಕ್ಕನ್ನ ಸಾಲಿನ ಒಳಗೇ ಬರೆದಿಟ್ಟಿದ್ದಾರೆ. ಹೊಸ ಸಾಫ್ಟ್‌ವೇರ್ ಬಂದಾಗೆಲ್ಲ ಅಂಥ ಒಂದು ಗೆರೆ ಅದರಲ್ಲಿ ಇದೆಯಾ ಅಂತ ಮೊದಲು ಹುಡುಕಿ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಯಾವ ಕಚೇರಿಯ, ಯಾವ ಅಂಗಡಿಯ ಸಾಲನ್ನ ನೀವು ಹಾಳೆ ಮೇಲೆ ಬರೆದ್ರಿ ಅಂತ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.